ಬೀರುವಿನಲ್ಲಿರುವ ಮದುವೆ ಸಿಡಿಯನ್ನು ಉಳಿಸಿಕೊಳ್ಳುವುದು ಹೇಗೆ?

ನಮ್ಮಕ್ಕನ ಮದುವೆ ವಿಡಿಯೊ ಮೂರು ಸಿಡಿಗಳಲ್ಲಿತ್ತು. ಮೂರನೆಯದರ ಮೇಲೆ ಅಂಟಿಸಿದ್ದ ಮದುಮಕ್ಕಳ ಫೋಟೊ ಸ್ಟಿಕರ್‌ನ ಅಂಚು ಎದ್ದಿತ್ತು. ನಾನು ಅದನ್ನು ಎಳೆದು ಕಿತ್ತೆ. ಸ್ಟಿಕರ್ ಜೊತೆಗೆ ಬೆಳ್ಳಿ ಬಣ್ಣದ ಪದರವೂ ಕಿತ್ತು ಬಂತು. ಆ ಜಾಗದಲ್ಲಿ ಸಿಡಿ ಗಾಜಿನ ಹಾಗಾಯಿತು, ಆಚೆ ಬದಿ ಕಾಣುತ್ತಿತ್ತು. ಹೆಣ್ಣೊಪ್ಪಿಸುವ ಶಾಸ್ತ್ರ ಇದ್ದದ್ದು ಅಲ್ಲೇ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ದೃಶ್ಯ ಈಗ ಎಲ್ಲೂ ಇಲ್ಲ.

ಇಂಥ ಸಿಡಿ, ಡಿವಿಡಿ ನಿಮ್ಮ ಮನೆಯಲ್ಲೂ ಇರುತ್ತವೆ ಅಲ್ವಾ? ಅವು ಓದಿಸಿಕೊಳ್ಳುವಷ್ಟು ಚೆನ್ನಾಗಿರುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕೆಲಸ ಕಷ್ಟದ್ದಲ್ಲ.

ಮೊದಲು ಡಿಸ್ಕ್ ಹೇಗಿದೆ ನೋಡಿ

ನಾವೆಲ್ಲ ಹೊಳೆಯುವ ಕೆಳಬದಿಯನ್ನು ಜೋಪಾನ ಮಾಡುತ್ತೇವೆ. ಸಿಡಿಯಲ್ಲಿ ನಿಜವಾಗಿ ಸೂಕ್ಷ್ಮವಾಗಿರುವುದು ಮೇಲುಬದಿ. ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಪ್ಲಾಸ್ಟಿಕ್ಕೇ. ಲೇಸರ್ ಬೆಳಕು ಕೆಳಗಿನಿಂದ ಆ ಪ್ಲಾಸ್ಟಿಕ್ ದಾಟಿ ಹೋಗಿ, ಹೆಸರು ಬರೆಯುವ ಬದಿಯಲ್ಲಿರುವ ಪದರವನ್ನು ಓದುತ್ತದೆ. ಆ ಪದರದ ಮೇಲಿರುವುದು ತೆಳುವಾದ ವಾರ್ನಿಷ್‌ನಂಥ ಲೇಪನ ಅಷ್ಟೇ. ಬಾಲ್‌ಪೆನ್ನಿನ ಮೊನೆ ಸಾಕು ಅದನ್ನು ಕೆಡಿಸಲು. ಡಿವಿಡಿ ಇದಕ್ಕಿಂತ ವಾಸಿ. ಅದರ ಪದರ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುತ್ತದೆ.

ಆದ್ದರಿಂದ ಸ್ಟಿಕರ್ ಎದ್ದಿದ್ದರೂ ಕೀಳಬೇಡಿ. ಅಂಚನ್ನು ಬೆರಳಿನಿಂದ ಮೆತ್ತಗೆ ಒತ್ತಿ ಕೂರಿಸಿ, ಹಾಗೇ ಓದಿಸಿ.

ಸ್ಟಿಕರ್ ಇಲ್ಲದ ಡಿಸ್ಕನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಪದರ ಹಾಳಾಗುತ್ತಿದೆ ಅಂತ ಅರ್ಥ. ಅಂಥವನ್ನೇ ಮೊದಲು ಇಳಿಸಿ. ನಡುವಿನ ತೂತಿನಿಂದ ಬಿರುಕು ಹೊರಟಿದ್ದರೆ ಮಾತ್ರ ಅದನ್ನು ಡ್ರೈವ್‌ಗೆ ಹಾಕಲೇಬೇಡಿ. ಜೋರಾಗಿ ತಿರುಗುವಾಗ ಒಡೆದು ಚೂರಾಗಬಹುದು.

ಡ್ರೈವ್ ಎಲ್ಲಿಂದ ತರುವುದು?

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಬರುವುದೇ ಅಪರೂಪ. ಯುಎಸ್‌ಬಿ ಕೇಬಲಿನ ಡಿವಿಡಿ ರೈಟರ್ ಒಂದು ಕೊಂಡರೆ ಆಯಿತು. ಸಿಡಿ, ಡಿವಿಡಿ ಎರಡನ್ನೂ ಅದು ಓದುತ್ತದೆ. ಬ್ಲೂ-ರೇ ಡಿಸ್ಕ್ ನಿಮ್ಮಲ್ಲಿ ಇಲ್ಲದಿದ್ದರೆ ಬ್ಲೂ-ರೇ ಡ್ರೈವ್‌ಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದರೆ ಅದರ ಡ್ರೈವ್ ಕೂಡ ಆಗುತ್ತದೆ.

ಡ್ರೈವನ್ನು ಯುಎಸ್‌ಬಿ ಹಬ್‌ಗೆ ಸಿಕ್ಕಿಸಬೇಡಿ, ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ. ಕರೆಂಟ್ ಸಾಲದಿದ್ದರೆ ಡಿಸ್ಕ್ ತಿರುಗಲು ಶುರುವಾಗಿ ನಿಂತುಬಿಡುತ್ತದೆ. ಡಿಸ್ಕ್ ಕೂರಿಸುವಾಗ ಟ್ರೇಯ ಕೆಳಗೆ ಒಂದು ಕೈ ಆಸರೆ ಕೊಟ್ಟು, ನಡುವಿನಲ್ಲಿ 'ಟಕ್' ಎನ್ನುವ ತನಕ ಒತ್ತಿ. ಟ್ರೇ ಸಿಕ್ಕಿಕೊಂಡರೆ ಕೇಬಲ್ ತೆಗೆದು, ಮುಂಭಾಗದ ಸಣ್ಣ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ. ತೆರೆದುಕೊಳ್ಳುತ್ತದೆ.

ಇನ್ನೊಂದು ವಿಷಯ. ಡ್ರೈವ್ ಸಿಡಿಯನ್ನು ಓದುತ್ತದೆ, ಯಾವ ಡಿವಿಡಿಯನ್ನೂ ಓದುವುದಿಲ್ಲ ಅಂದರೆ ತಪ್ಪು ಡಿಸ್ಕಿನದ್ದು ಅಂದುಕೊಳ್ಳಬೇಡಿ. ಸಿಡಿಗೆ 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದ್ದು. ಎರಡರಲ್ಲಿ ಒಂದು ಮಾತ್ರ ಸೋತಿರಬಹುದು.

ಒರೆಸುವ ರೀತಿ

ಧೂಳನ್ನು ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಹಾರಿಸಿ. ಬಾಯಿಂದ ಊದಿದರೆ ಎಂಜಲು ಬೀಳುತ್ತದೆ. ಆಮೇಲೆ ಕನ್ನಡಕ ಒರೆಸುವ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ವೃತ್ತಾಕಾರವಾಗಿ ಬೇಡವೇ ಬೇಡ. ಕಾರಣ ಇದೆ. ಮಾಹಿತಿ ಸುರುಳಿಯಾಗಿ ಇರುತ್ತದೆ. ಅಡ್ಡಗೀರು ಸುರುಳಿಯ ಪ್ರತಿ ಸುತ್ತಿನಲ್ಲೂ ಒಂದಿಷ್ಟೇ ಮುಚ್ಚುತ್ತದೆ, ಸಿಡಿ ಡ್ರೈವ್ ಸುಮಾರು 2.5 ಮಿಲಿಮೀಟರ್ ತನಕದ ಕೊರತೆಯನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಸುರುಳಿಯ ಉದ್ದಕ್ಕೇ ಗೀರು ಬಿದ್ದರೆ ಅದಕ್ಕೆ ಸಾಧ್ಯವಾಗುವುದಿಲ್ಲ.

ಜಿಡ್ಡಿದ್ದರೆ ಕೆಳಬದಿಗೆ ಮಾತ್ರ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರು ಸಾಕು. ಟೂತ್‌ಪೇಸ್ಟ್ ತಿಕ್ಕುವ ಉಪಾಯವನ್ನು ನಾನಂತೂ ಹೇಳುವುದಿಲ್ಲ. ಅದು ಹೊಸ ಗೀರುಗಳನ್ನೂ ಮಾಡುತ್ತದೆ.

ಇಳಿಸುವುದು

ವಿಡಿಯೊ ಸಿಡಿಯಾದರೆ ಒಳಗೆ 'ಎಂಪಿಇಜಿಎವಿ' ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿರುವ 'ಡಿಎಟಿ' ಫೈಲನ್ನು ಕಾಪಿ ಮಾಡಿ. ವಿಡಿಯೊ ತೋರಿಸುವ ಉಚಿತ ತಂತ್ರಾಂಶವಾದ ವಿಎಲ್‌ಸಿ ಪ್ಲೇಯರ್‌ನಲ್ಲಿ ನೇರವಾಗಿ ಓಡುತ್ತದೆ. ಡಿವಿಡಿಯಲ್ಲಿ ವಿಡಿಯೊ ಒಂದೊಂದು ಜಿಬಿಯ ತುಂಡುಗಳಾಗಿ ಇರುತ್ತದೆ. ಬಿಡಿಬಿಡಿಯಾಗಿ ಎತ್ತಿಕೊಳ್ಳಬೇಡಿ. ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಲ್ಲಿ ಇಡೀ ಡಿಸ್ಕನ್ನು ಒಂದೇ ಐಎಸ್ಒ ಫೈಲ್ ಮಾಡಿಕೊಳ್ಳಿ. ಅದನ್ನೂ ವಿಎಲ್‌ಸಿಯೇ ತೋರಿಸುತ್ತದೆ. ಒಂದು ಮಾಮೂಲಿ ಡಿವಿಡಿ 4.7 ಜಿಬಿ ತನಕ ಇರುತ್ತದೆ. ಪೆನ್‌ಡ್ರೈವ್ ಫೈಲ್ ಜೋಡಿಸಿಡುವ ರೀತಿ ಫ್ಯಾಟ್32 ಎಂಬ ಹಳೆಯ ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಅದಕ್ಕೆ ಹೋಗುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಆದರೆ ಅದರಲ್ಲಿ ಇರುವುದನ್ನು ಮೊದಲು ಬೇರೆ ಕಡೆ ಇಟ್ಟು.

ಮಧ್ಯದಲ್ಲಿ ನಿಂತರೆ ತಂತ್ರಾಂಶದಲ್ಲಿ ಓದುವ ವೇಗವನ್ನು 4 ಎಕ್ಸ್‌ಗೆ, ಅಂದರೆ ಮೂಲ ವೇಗದ ನಾಲ್ಕು ಪಟ್ಟಿಗೆ, ಇಳಿಸಿ ನೋಡಿ. ಆಗಲೂ ಆಗದಿದ್ದರೆ ನೆಂಟರ ಮನೆಯ ಬೇರೆ ಡ್ರೈವ್‌ನಲ್ಲಿ ಹಾಕಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ಆಸೆ ಬಿಟ್ಟು ಎಸೆಯಬೇಡಿ.

ಎರಡು ಕಡೆ ಕಾಪಿ ಇಡಿ. ಒಂದು ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲೋ ಮಗನ ಹತ್ತಿರವೋ. ಮೂಲ ಡಿಸ್ಕನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಸ್ಟುಡಿಯೊದಲ್ಲಿ ಬರೆದ ಡಿಸ್ಕ್‌ಗಳಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಅದು ಬಿಸಿಲಿಗೆ ಮಾಸುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದ ಥಂಡಿಯೂ ಒಳ್ಳೆಯದಲ್ಲ.

ಕಾಪಿ ಆದಮೇಲೆ ಮೊದಲ ಎರಡು ನಿಮಿಷ ನೋಡಿ ನಿಲ್ಲಿಸಬೇಡಿ. ಸುರುಳಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಡಿಸ್ಕ್ ತುಂಬಿದ್ದರೆ ವಿಡಿಯೊದ ಕೊನೆ ಇರುವುದು ನಾವು ಬೆರಳಿನಿಂದ ಹಿಡಿಯುವ ಅಂಚಿನ ಹತ್ತಿರ. ಕೆಡುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಕೊನೆಯ ಹತ್ತು ನಿಮಿಷ ಓಡಿಸಿ. ಹೆಣ್ಣೊಪ್ಪಿಸುವ ಶಾಸ್ತ್ರ ಪೂರ್ತಿ ಬಂದಿದೆಯಾ ನೋಡಿ.