ಹೊಳೆ ಇಳಿದ ಮೇಲೂ ಗೋಡೆ ನಂಬಬೇಡಿ

ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡೆಯ ಊರಿಗೆ ಹೊಳೆ ಬರಬೇಕಾದರೆ ಆ ಊರಲ್ಲೇ ಮಳೆ ಬೀಳಬೇಕೆಂದಿಲ್ಲ. ಕಣಕುಂಬಿಯಲ್ಲೋ ಮಹಾಬಳೇಶ್ವರದಲ್ಲೋ ಸುರಿದ ನೀರು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಅಂಗಳಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಮೋಡ ನೋಡಿ ಲೆಕ್ಕ ಹಾಕಬೇಡಿ. ಮಲಪ್ರಭೆಯ ನವಿಲುತೀರ್ಥ ಡ್ಯಾಮಿನಿಂದ, ಘಟಪ್ರಭೆಯ ಹಿಡಕಲ್ ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ ಕೇಳಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್, ಹೆಚ್ಚುಕಡಿಮೆ ಎರಡು ಕೊಡ. ಎಷ್ಟು ಬಿಟ್ಟಾಗ ನೀರು ಗುಡಿಯ ಮೆಟ್ಟಿಲಿಗೆ ಬಂತು, ಎಷ್ಟಕ್ಕೆ ನಿಮ್ಮ ಕಟ್ಟೆ ಮುಟ್ಟಿತು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಸಲ ಅದೇ ನಿಮಗೆ ದಾರಿ ತೋರಿಸುತ್ತದೆ. 2019ರ ಆಗಸ್ಟಿನಲ್ಲಿ ನೀರು ನಿಂತ ಗೆರೆ ಮನೆಯ ಗೋಡೆಯ ಮೇಲಿದ್ದರೆ, ಸುಣ್ಣ ಬಳಿಯುವ ಮುಂಚೆ ಅಲ್ಲೊಂದು ಮೊಳೆ ಹೊಡೆದಿಡಿ. ಬೆಣ್ಣೆಹಳ್ಳದ ಬದಿಯವರ ಕಷ್ಟ ಬೇರೆ. ಆ ಹಳ್ಳಕ್ಕೆ ಡ್ಯಾಮಿನ ಗೇಟಿಲ್ಲ, ಡಂಗುರವಿಲ್ಲ. ಮೇಲಿನ ಎರೆಹೊಲಗಳಲ್ಲಿ ಸಂಜೆ ಜೋರು ಮಳೆಯಾದರೆ ರಾತ್ರಿಯೇ ಊರೊಳಗೆ ನೀರು. ಅಂಥ ಸಂಜೆ ತಗ್ಗಿನ ಮನೆಯಲ್ಲಿ ಮಲಗಲೇಬೇಡಿ.

ಮಳೆಗಾಲ ಹಿಡಿಯುವ ಮುಂಚೆಯೇ ಒಂದು ಗಂಟು ಕಟ್ಟಿಡಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್, ಪಹಣಿ, ಮಕ್ಕಳ ಅಂಕಪಟ್ಟಿಗಳನ್ನು ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಬಿಪಿ, ಸಕ್ಕರೆ ಕಾಯಿಲೆಯವರ ಗುಳಿಗೆ ಒಂದು ವಾರಕ್ಕಾಗುವಷ್ಟು ಇರಲಿ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಸಾಕು. ಒಲೆ ಹಚ್ಚದೆ ನಾಲ್ಕು ದಿನ ನೂಕಬಹುದು. ದಿನ ತುಂಬಿದ ಹೆಣ್ಣುಮಕ್ಕಳನ್ನು, ಎದ್ದು ಓಡಾಡಲಾಗದ ಹಿರಿಯರನ್ನು ನೀರು ಬರುವ ಸುದ್ದಿ ಕೇಳಿದ ಕೂಡಲೇ ತಾಲ್ಲೂಕು ಊರಿಗೆ ಕಳಿಸಿಬಿಡಿ. ಸೇತುವೆ ಮುಳುಗಿದ ಮೇಲೆ 108ಕ್ಕೆ ಫೋನ್ ಮಾಡಿದರೂ ಗಾಡಿ ದಾಟುವುದು ಹೇಗೆ? ಕಲ್ಲೋಳ–ಯಡೂರದಂಥ ಕೆಳಮಟ್ಟದ ಸೇತುವೆಗಳು ಮೊದಲು ಮುಳುಗುವಂಥವು. ಹರಿಯುವ ನೀರು ಮೊಣಕಾಲಿಗಿಂತ ಕೆಳಗಿದ್ದರೂ ಆಳನ್ನು ಕೆಡವುತ್ತದೆ, ಎರಡಡಿಯಾದರೆ ಕಾರನ್ನೇ ಎತ್ತಿಕೊಂಡು ಹೋಗುತ್ತದೆ.

ಮನೆ ಬಿಡುವಾಗ ಕೈ ಒಣಗಿದ್ದು, ನಿಂತ ನೆಲವೂ ಒಣಗಿದ್ದರೆ ಮಾತ್ರ ಮೇನ್ ಸ್ವಿಚ್ ಇಳಿಸಿ. ನೀರಲ್ಲಿ ನಿಂತು ಮುಟ್ಟಬೇಡಿ, ಕರೆಂಟಿನ ಸಹಾಯವಾಣಿ 1912ಕ್ಕೆ ಹೇಳಿ ಕಂಬದಿಂದಲೇ ಲೈನ್ ತೆಗೆಸಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಂಬಕ್ಕೆ ಬಿಗಿಯಿರಿ. ತುಂಬಿದ ಸಿಲಿಂಡರ್ ಕೂಡ ನೀರಲ್ಲಿ ತೇಲುತ್ತದೆ, ಖಾಲಿಯದು ಕೇಳುವುದೇ ಬೇಡ. ಬಾಗಿಲಿಗೆ ಮರಳಿನ ಚೀಲ ಒಡ್ಡುವವರು ಚೀಲವನ್ನು ಗಟ್ಟಿಯಾಗಿ ತುಂಬಿ ತಪ್ಪು ಮಾಡುತ್ತಾರೆ. ತುಂಬಿದ ಚೀಲ ಗುಂಡಗಾಗಿ ನಡುವೆ ಸಂದು ಬಿಡುತ್ತದೆ. ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಬಾಯಿ ಮಡಚಿ ಅಡಿಗೆ ಹಾಕಿ, ಇಟ್ಟಿಗೆ ಕಟ್ಟುವ ಹಾಗೆ ಸಂದಿನ ಮೇಲೆ ಚೀಲ ಕೂರಿಸಿ ತುಳಿಯಿರಿ, ಹೊರಮೈಗೆ ತಾಡಪತ್ರಿ ಹೊದಿಸಿ. ನೀರು ಬಾಗಿಲಿಗಿಂತ ಮೊದಲು ಬಚ್ಚಲ ಮೋರಿಯಿಂದ, ಪಾಯಖಾನೆಯ ಕುಣಿಯಿಂದ ಉಕ್ಕುತ್ತದೆ, ಅಲ್ಲಿಗೂ ಒಂದೊಂದು ಚೀಲ ಇರಲಿ. ಎರಡಡಿಗಿಂತ ಹೆಚ್ಚು ನೀರು ಬರುವುದಿದ್ದರೆ ತಡೆಯುವ ಹಟ ಬಿಡಿ. ಹೊರಗೆ ನೀರು, ಒಳಗೆ ಖಾಲಿ ಎಂದಾಗ ಆ ಭಾರವೆಲ್ಲ ಗೋಡೆಯ ಮೇಲೆ ಬಿದ್ದು ಗೋಡೆಯೇ ಒಳಕ್ಕೆ ಬೀಳುತ್ತದೆ.

ದನಕರುಗಳ ಕಣ್ಣಿ ಬಿಚ್ಚದೆ ಹೊರಡಬೇಡಿ. ಬಿಟ್ಟ ಎಮ್ಮೆ ಈಜಿ ದಂಡೆ ಸೇರುತ್ತದೆ, ಗೂಟಕ್ಕೆ ಕಟ್ಟಿದ್ದು ನಿಂತಲ್ಲೇ ಮುಳುಗುತ್ತದೆ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು. ನೆಂದು ಕಾವು ಬಂದ ಕಣಕಿ, ಬೂಸ್ಟು ಹಿಡಿದ ಮೇವನ್ನು ಎಷ್ಟೇ ಕೊರತೆಯಿದ್ದರೂ ಹಾಕಬೇಡಿ.

ನೀರು ಇಳಿದ ದಿನವೇ ಹೆಚ್ಚಿನ ಎಚ್ಚರ ಬೇಕು, ಆ ದಿನವೇ ಎಲ್ಲರೂ ಅವಸರ ಮಾಡುತ್ತಾರೆ. ಮಣ್ಣಿನ ಗೋಡೆ ನೀರಲ್ಲಿದ್ದಾಗ ಎರಡೂ ಬದಿಯ ನೀರು ಅದನ್ನು ಒತ್ತಿ ಹಿಡಿದಿರುತ್ತದೆ. ನೀರು ಇಳಿದಾಗ ಆ ಆಸರೆ ಹೋಗುತ್ತದೆ, ಒಳಗೆ ಮಾತ್ರ ಗೋಡೆ ಹಸಿ ಮುದ್ದೆ. ಮೇಲೆ ನೆಂದ ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಭಾರ ಬೇರೆ. ಅದಕ್ಕೇ ಬಿಸಿಲು ಬಿದ್ದ ಎರಡು ಮೂರು ದಿನಕ್ಕೆ, ಎಷ್ಟೋ ಸಲ ರಾತ್ರಿ ಮಲಗಿದ್ದಾಗ, ಗೋಡೆ ಕುಸಿಯುವುದು. ಒಳಗೆ ಕಾಲಿಡುವ ಮುಂಚೆ ಹೊರಗಿನಿಂದ ಒಂದು ಸುತ್ತು ಹಾಕಿ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆಯಲ್ಲಿ ಬಿರುಕು ಬಾಯ್ದೆರೆದಿದೆಯೇ, ಚೌಕಟ್ಟಿಗೆ ಬಾಗಿಲು ಬಿಗಿದುಕೊಂಡಿದೆಯೇ ನೋಡಿ. ಬುಡದಲ್ಲಿ ಮೊಳೆ ಒತ್ತಿದರೆ ಸಲೀಸಾಗಿ ಇಳಿಯುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ಆ ಕೋಣೆ ಬಿಡಿ, ಮಕ್ಕಳನ್ನು ಅದರ ನೆರಳಿಗೂ ಸುಳಿಯಗೊಡಬೇಡಿ. ಪಾತ್ರೆಪಗಡ ಆಮೇಲೆ ತೆಗೆದರಾಯಿತು. ಬಿದ್ದ ಭಾಗ ತೆಗೆಯುವ ಮುಂಚೆ, ನೀರಿನ ಗೆರೆ ಕಾಣುವ ಹಾಗೆ, ನಾಲ್ಕೂ ಕಡೆಯಿಂದ ಫೋಟೊ ಹಿಡಿಯಿರಿ. ಪಂಚನಾಮೆಯಲ್ಲಿ ಎಷ್ಟು ಹಾನಿಯಾಗಿದೆ ಎಂಬುದರ ಮೇಲೆ ಮನೆಯನ್ನು ಎ, ಬಿ, ಸಿ ಎಂದು ಬರೆಯುವಾಗ ಅದೇ ಆಧಾರ.

ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಇರುವ ಮನೆಯವರಿಗೆ ಈ ಮಾತನ್ನು ಒತ್ತಿ ಹೇಳಬೇಕು. ನೀರು ಹೊಕ್ಕ ಹಗೇವಿನಲ್ಲಿ ಜೋಳ ಮೊಳೆತು ಹುಳಿತು ಗಾಳಿ ವಿಷವಾಗಿರುತ್ತದೆ. ಆ ಗಾಳಿ ಭಾರ, ತಾನಾಗಿ ಮೇಲೆ ಬರುವುದಿಲ್ಲ. ಜೋಳ ಉಳಿಸಲು ಇಳಿದವನು ಬಿದ್ದ, ಅವನನ್ನು ಎತ್ತಲು ಹೋದವನೂ ಬಿದ್ದ ಎಂದಾಗುವುದು ಇದರಿಂದಲೇ. ಬಾಯಿ ತೆಗೆದು ಇಡೀ ದಿನ ಬಿಡಿ, ಹಗ್ಗಕ್ಕೆ ಬೇವಿನ ತೊಪ್ಪಲಿನ ಕಟ್ಟು ಕಟ್ಟಿ ಮತ್ತೆಮತ್ತೆ ಇಳಿಸಿ ಎತ್ತಿ ಗಾಳಿ ಆಡಿಸಿ, ಆಮೇಲೆ ಹಚ್ಚಿದ ದೀಪ ಇಳಿಸಿ ನೋಡಿ. ಆರಿದರೆ ಯಾರೂ ಇಳಿಯಬಾರದು. ಉರಿದರೂ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಗಟ್ಟಿ ಆಳು ಇಲ್ಲದೆ ಬೇಡ. ಅನುಮಾನವಿದ್ದರೆ ಆ ಜೋಳ ಹೋದರೆ ಹೋಗಲಿ. ಹುಳಿತ ಕಾಳನ್ನು ಒಣಗಿಸಿ ಬೀಸಿಕೊಂಡು ಉಣ್ಣುವುದೂ ಬೇಡ.

ಮನೆಯೊಳಗಿನ ರಾಡಿಯನ್ನು ಹಸಿ ಇರುವಾಗಲೇ ಸಲಿಕೆಯಿಂದ ತೆಗೆಯಿರಿ, ಎರೆಮಣ್ಣು ಒಣಗಿದರೆ ಕಲ್ಲಾಗುತ್ತದೆ. ಕಾಲಿಗೆ ಗಮ್ ಬೂಟ್ ಇರಲಿ, ಹಾಸಿಗೆ, ಕಟ್ಟಿಗೆ ರಾಶಿಯನ್ನು ಕೋಲಿನಿಂದ ಸರಿಸಿದ ಮೇಲೆಯೇ ಕೈ ಹಾಕಿ, ಹಾವುಗಳಿಗೂ ಒಣನೆಲ ಬೇಕಾಗಿರುತ್ತದೆ. ಕಚ್ಚಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಆ ಅಂಗ ಅಲುಗಾಡಿಸದೆ ದವಾಖಾನೆಗೆ ಒಯ್ಯಿರಿ. ಕಾಲಲ್ಲಿ ಗಾಯವಿದ್ದವರು ರಾಡಿಗೆ ಇಳಿಯಬಾರದು. ಆಮೇಲೆ ಜ್ವರ, ಮೀನಖಂಡದ ನೋವು ಬಂದರೆ ಇಲಿಜ್ವರ ಇರಬಹುದು, ನೆರೆನೀರಲ್ಲಿ ಓಡಾಡಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಬಾವಿಯ ನೀರನ್ನು ಪೂರ್ತಿ ಹೊರಹಾಕಿ, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿದ್ದರೆ 28 ಸಾವಿರ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂನಂತೆ ಕನಿಷ್ಠ 70 ಗ್ರಾಂ ಪುಡಿ. ಬಕೆಟ್ಟಿನಲ್ಲಿ ಕಲಸಿ, ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ ಬಾವಿಗಿಳಿಸಿ ಅಲ್ಲಾಡಿಸಿ. ತಳದ ಸುಣ್ಣ ಹಾಕಿದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಯಾರೂ ಸೇದಬಾರದು. ಡಬ್ಬಿ ತೆರೆದಿಟ್ಟು ಘಾಟು ಹೋದ ಪುಡಿಗೆ ಶಕ್ತಿ ಇರುವುದಿಲ್ಲ. ಇಷ್ಟಾದರೂ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ. ಮಕ್ಕಳಿಗೆ ಭೇದಿ ಹತ್ತಿದರೆ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಾ ದವಾಖಾನೆಯ ದಾರಿ ಹಿಡಿಯಿರಿ.

ಗೋಡೆಗೆ ಸಿಮೆಂಟ್ ಗಿಲಾವು ಬಳಿಯುವ ಆತುರವೂ ಬೇಡ. ಹಸಿ ಮಣ್ಣಿನ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಬುಡದಲ್ಲಿ ಮೊಳೆ ಇಳಿಯದಷ್ಟು ಗಟ್ಟಿಯಾಗುವವರೆಗೆ ಕಿಟಕಿ ಬಾಗಿಲು ತೆರೆದಿಟ್ಟು ಗಾಳಿಗೆ ಬಿಡಿ.