ಮಲಗಿದ ನಾಯಿಗೂ ನೋವಾಗುತ್ತದೆ

ಹೆಣ್ಣು ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ತೀವ್ರವಾದ ನೋವು ಹುಟ್ಟುವುದು ಚರ್ಮ ಕೊಯ್ಯುವಾಗಲ್ಲ, ಅಂಡಾಶಯವನ್ನು ಒಳಗೆ ಬಿಗಿದಿಟ್ಟಿರುವ ಲಿಗಮೆಂಟನ್ನು ಎಳೆದು ಸಡಿಲಿಸುವಾಗ. ಅಲ್ಲಿಯವರೆಗೆ ಒಂದೇ ಲಯದಲ್ಲಿದ್ದ ಉಸಿರು ಆಗ ಇದ್ದಕ್ಕಿದ್ದಂತೆ ಬಿರುಸಾಗುತ್ತದೆ, ಎದೆಬಡಿತ ಏರುತ್ತದೆ. ಚಿಕ್ಕಮಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಔಷಧಗಳ ಲೆಕ್ಕಾಚಾರವೆಲ್ಲ ಈ ಕ್ಷಣವನ್ನು ಗಮನದಲ್ಲಿಟ್ಟುಕೊಂಡೇ ಶುರುವಾಗುತ್ತದೆ.

ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಮಂಪರು ತರಿಸುವ ಜೈಲಜೀನ್ ಮತ್ತು ಅರಿವಳಿಕೆಯ ಕೆಟಮಿನ್ ಜೋಡಿ. ಕಡಿಮೆ ಖರ್ಚು, ಕೈಗೆ ಒಗ್ಗಿದ ವಿಧಾನ. ಆದರೆ ಜೈಲಜೀನ್ ಕೊಟ್ಟ ನಾಯಿ ಗಂಟೆಗೂ ಮೀರಿ ತೂಕಡಿಸಿದರೂ ಅದರ ನೋವು ತಗ್ಗಿಸುವ ಗುಣ ಸುಮಾರು ಅರ್ಧ ಗಂಟೆಯೊಳಗೆ ಇಳಿದುಹೋಗುತ್ತದೆ. ಉಳಿದ ಹೊತ್ತು ನಾಯಿ ಅಲುಗಾಡುವುದಿಲ್ಲ, ಅಷ್ಟೇ. ಅದನ್ನು ನೋವಿಲ್ಲದ ಸ್ಥಿತಿ ಎಂದು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ.

ಟೇಬಲ್ ಹತ್ತಿಸುವ ಮೊದಲೇ ಒಂದು ಕೆಲಸವಿದೆ. ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಬರುವ ನಾಯಿಗಳ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಸಿಗದಿರುವುದು ಅಪರೂಪ. ಉಣುಗಿನಿಂದ ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕುಸಿಯುತ್ತದೆ, ಬೆಬೇಸಿಯಾ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಅಂಥ ನಾಯಿಯ ಹೊಟ್ಟೆ ತೆರೆಯುವುದೂ ಅಪಾಯ, ನೋವಿನ ಔಷಧ ಕೊಡುವುದೂ ಅಪಾಯ. ಆದ್ದರಿಂದ ರಕ್ತಪರೀಕ್ಷೆಯ ವರದಿ ನೋಡದೆ ಮುಂದುವರಿಯುವುದಿಲ್ಲ. ಮಳೆಯಲ್ಲಿ ಜೀಪು ಮಾಡಿಕೊಂಡು ಬಂದವರಿಗೆ ಬೇಸರವಾಗುತ್ತದೆ ಎಂದು ಗೊತ್ತಿದ್ದೂ ವಾಪಸು ಕಳುಹಿಸಿದ್ದೇನೆ, ಮುಂದೆಯೂ ಕಳುಹಿಸುತ್ತೇನೆ.

ಮೊದಲ ಚುಚ್ಚುಮದ್ದು ನೋವು ತಗ್ಗಿಸುವ ಬ್ಯುಟಾರ್ಫನಾಲ್, ಜೊತೆಗೆ ಅಲ್ಪ ಪ್ರಮಾಣದ ಜೈಲಜೀನ್. ಮಾರ್ಫಿನ್‌ನಂಥ ಪ್ರಬಲ ಔಷಧಗಳು 1985ರ ಮಾದಕವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿರುವುದರಿಂದ ಸಣ್ಣ ಕ್ಲಿನಿಕ್ ಅವನ್ನು ಇಟ್ಟುಕೊಳ್ಳುವುದು ಸುಲಭವಲ್ಲ. ಬ್ಯುಟಾರ್ಫನಾಲ್ ಅಷ್ಟು ಬಲವಾದದ್ದಲ್ಲ, ಒಂದೆರಡು ಗಂಟೆ ಕೆಲಸ ಮಾಡೀತು. ಚುಚ್ಚಿದ ಮೇಲೆ ಮಬ್ಬು ಬೆಳಕಿನ ಕೋಣೆಯಲ್ಲಿ ಮನೆಯವರನ್ನೇ ನಾಯಿಯ ಪಕ್ಕ ಕೂರಿಸುತ್ತೇನೆ, ಏಕೆಂದರೆ ಹೆದರಿದ ನಾಯಿಗೆ ಅರಿವಳಿಕೆ ಹೆಚ್ಚು ಬೇಕಾಗುತ್ತದೆ. ಆಮೇಲೆ ಮುಂಗಾಲಿನ ರಕ್ತನಾಳದ ಮೂಲಕ ಪ್ರಜ್ಞೆ ತಪ್ಪಿಸುವ ಪ್ರೊಪೊಫಾಲ್ ನಿಧಾನವಾಗಿ, ಶ್ವಾಸನಾಳಕ್ಕೆ ಟ್ಯೂಬ್, ಆಮ್ಲಜನಕದೊಂದಿಗೆ ಅರಿವಳಿಕೆ ಅನಿಲ ಐಸೋಫ್ಲುರೇನ್. ಮುಧೋಳ ನಾಯಿ ಬಂದರೆ ಥಯೋಪೆಂಟೋನ್ ಎಂಬ ಅರಿವಳಿಕೆ ಅಂತೂ ಬೇಡವೇ ಬೇಡ. ಆ ತಳಿಯ ಮೈಯಲ್ಲಿ ಕೊಬ್ಬು ಕಡಿಮೆ. ಔಷಧ ರಕ್ತದಲ್ಲೇ ಉಳಿದು ನಾಯಿ ಎಚ್ಚರವಾಗುವುದು ಬಹಳ ತಡವಾಗುತ್ತದೆ.

ಇಷ್ಟೆಲ್ಲ ಇದ್ದರೂ ನಾನು ಹೆಚ್ಚು ನೆಚ್ಚಿಕೊಂಡಿರುವುದು ಎಲ್ಲಕ್ಕಿಂತ ಅಗ್ಗದ, ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಅನ್ನು. ಶೇಕಡಾ 2ರ ದ್ರಾವಣದ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಔಷಧ ಇರುತ್ತದೆ. ನಾಯಿಯ ತೂಕದ ಪ್ರತಿ ಕಿಲೋಗೆ 4 ಮಿಲಿಗ್ರಾಂ ಮೀರಬಾರದು ಎಂಬುದು ನಾನು ಹಾಕಿಕೊಂಡ ಗೆರೆ. 15 ಕಿಲೋ ನಾಯಿಗೆ ಒಟ್ಟು 60 ಮಿಲಿಗ್ರಾಂ, ಅಂದರೆ 3 ಮಿಲಿ. ಅದನ್ನು ಸಲೈನ್ ಬೆರೆಸಿ ಹಿಗ್ಗಿಸಿ ಮೂರು ಪಾಲು ಮಾಡುತ್ತೇನೆ: ಒಂದು ಪಾಲು ಕೊಯ್ಯುವ ಗೆರೆಗೆ, ಉಳಿದೆರಡು ಎಡ ಮತ್ತು ಬಲ ಅಂಡಾಶಯಗಳ ಬುಡಕ್ಕೆ. ಅಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಔಷಧ ಬಿಡುವ ಮುನ್ನ ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲೇಬೇಕು. ನಂತರ ಒಂದೆರಡು ನಿಮಿಷ ಏನನ್ನೂ ಎಳೆಯದೆ ಕಾಯಬೇಕು. ಬಲ ಅಂಡಾಶಯ ಎಡದ್ದಕ್ಕಿಂತ ಮುಂದಕ್ಕೆ ಇರುತ್ತದೆ, ಹೊರತರುವುದು ಕಷ್ಟ. ಆ ಕಡೆ ಎಳೆದಾಗಲೂ ಉಸಿರಿನ ಲಯ ಬಹುಮಟ್ಟಿಗೆ ಹಾಗೆಯೇ ಉಳಿಯುವುದನ್ನು ಕಂಡ ಮೇಲೆ ನಾನು ಇದನ್ನು ಬಿಟ್ಟಿಲ್ಲ. ಐಸೋಫ್ಲುರೇನ್ ಯಂತ್ರವಿಲ್ಲದ ವೈದ್ಯ ಮಿತ್ರರಿಗೂ ಇದು ಕೈಗೆಟಕುವ ವಿಧಾನ.

ಜೂನ್‌ನಿಂದ ಆಗಸ್ಟ್‌ವರೆಗಿನ ಥಂಡಿಯಲ್ಲಿ ಮೈ ತಣ್ಣಗಾದ ನಾಯಿ ಬೇಗ ಚೇತರಿಸಿಕೊಳ್ಳುವುದಿಲ್ಲ. ಟವೆಲ್ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಪಕ್ಕದಲ್ಲಿಟ್ಟು ಥರ್ಮಾಮೀಟರ್ ನೋಡುತ್ತಿರುತ್ತೇವೆ.

ನೋವು, ಊತ ತಗ್ಗಿಸುವ ಮೆಲಾಕ್ಸಿಕ್ಯಾಮ್ ಅನ್ನು ಆಪರೇಷನ್ ಮುಗಿದ ಮೇಲೆಯೇ ಕೊಡುತ್ತೇನೆ, ಕಿಲೋಗೆ 0.2 ಮಿಲಿಗ್ರಾಂ. ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿದಿರುವಾಗ ಈ ಔಷಧ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಮರುದಿನದಿಂದ ದಿನಕ್ಕೊಮ್ಮೆ ಊಟದ ನಂತರ ಕಿಲೋಗೆ 0.1 ಮಿಲಿಗ್ರಾಂ, ಮೂರು ದಿನ.

ಮನೆಗೆ ಹೋದ ಮೇಲೆ ಈ ಮೂರು ದಿನಗಳೇ ತಪ್ಪಿಹೋಗುತ್ತವೆ. “ಡಾಕ್ಟರೇ, ಅದು ಕೂಗುತ್ತಲೇ ಇಲ್ಲ, ಮಾತ್ರೆ ಯಾಕೆ?” ಎಂದು ತೋಟದ ಮನೆಯ ತಾಯಿಯೊಬ್ಬರು ಕೇಳಿದರು. “ಕೂಗುವುದಿಲ್ಲ ಅಮ್ಮ. ಬೆನ್ನು ಗೂನು ಮಾಡಿ ನಿಲ್ಲುತ್ತದೆಯೇ, ಮಲಗಲು ಹಿಂದೇಟು ಹಾಕುತ್ತದೆಯೇ, ಮೂಲೆ ಸೇರಿದೆಯೇ, ನೋಡಿ” ಎಂದೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ರೂಪಿಸಿದ ನೋವಿನ ಅಳತೆಪಟ್ಟಿಯಲ್ಲಿರುವ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟೆ: ಗಾಯದಿಂದ ಎರಡು ಅಂಗುಲ ಆಚೆ ಮೆಲ್ಲಗೆ ಒತ್ತಬೇಕು, ನಾಯಿ ತಿರುಗಿ ನೋಡಿದರೆ, ಮೈ ಬಿಗಿದರೆ, ಗುರುಗುಟ್ಟಿದರೆ ನನಗೆ ಫೋನ್ ಮಾಡಬೇಕು. ಮನೆಯಲ್ಲಿರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಮಾತ್ರ ಯಾವ ಕಾರಣಕ್ಕೂ ಕೊಡಕೂಡದು. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುತ್ತದೆ, ಮೂತ್ರಪಿಂಡ ಕೆಡುತ್ತದೆ. ಮೆಲಾಕ್ಸಿಕ್ಯಾಮ್ ಕೊಡುವಾಗಲೂ ವಾಂತಿ ಅಥವಾ ಕಪ್ಪು ಮಲ ಕಂಡರೆ ಅಲ್ಲಿಗೇ ನಿಲ್ಲಿಸಿ ನಾಯಿಯನ್ನು ಕ್ಲಿನಿಕ್‌ಗೆ ಕರೆತರಬೇಕು.