ಎಡಗಡೆಯ ಬಲ್ಬು ಮಾತ್ರ ಯಾಕೆ ಹೋಗುತ್ತಿತ್ತು?

ಎಂಟು ತಿಂಗಳಲ್ಲಿ ನಾಲ್ಕು ಬಲ್ಬು ಹೋದವು. ನಾಲ್ಕೂ ಎಡಗಡೆಯ ಹೆಡ್‌ಲೈಟಿನವೇ. ಬಲಗಡೆಯದು ಕಾರು ನನ್ನ ಕೈಗೆ ಬಂದಾಗ ಇದ್ದದ್ದೇ, ತನ್ನ ಪಾಡಿಗೆ ಉರಿಯುತ್ತಿತ್ತು. ತೊಂದರೆ ಎಲ್ಲಿದೆ ಎಂದು ಕಾರೇ ಬಾಯಿಬಿಟ್ಟು ಹೇಳುತ್ತಿದ್ದರೂ ನನಗೆ ಕೇಳಿಸಲಿಲ್ಲ.

ಮೊದಲನೆಯದು ಹೋದಾಗ ಹಳೆಯದಾಗಿತ್ತೇನೋ ಅಂದುಕೊಂಡೆ. ಎರಡನೆಯದಕ್ಕೆ 'ಕಳಪೆ ಮಾಲು' ಎಂದು ಬೈದೆ. ಮೂರನೇ ಸಲ ಜಾಣತನ ಮಾಡಲು ಹೋಗಿ ಹೆಚ್ಚು ದುಡ್ಡು ಕೊಟ್ಟು ನೀಲಿ ಲೇಪದ 'ಸೂಪರ್ ವೈಟ್' ಬಲ್ಬು ತಂದೆ. ಅದು ಎಲ್ಲಕ್ಕಿಂತ ಬೇಗ ಹೋಯಿತು. ನೀಲಿ ಲೇಪ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಆ ಕೊರತೆ ತುಂಬಲು ಫಿಲಮೆಂಟನ್ನು (ಬಲ್ಬಿನೊಳಗೆ ಉರಿಯುವ ತೆಳ್ಳನೆಯ ತಂತಿಯನ್ನು) ಹೆಚ್ಚು ಬಿಸಿಯಲ್ಲಿ ಉರಿಯುವಂತೆ ಮಾಡಿರುತ್ತಾರೆ, ಆಯುಸ್ಸು ಅಲ್ಲೇ ಸೋರುತ್ತದೆ. ಆಮೇಲೆ ಗೊತ್ತಾದದ್ದು ಇದು. ಮೂರನ್ನೂ ನೋಡದೆ ಕಸಕ್ಕೆ ಎಸೆದಿದ್ದೆ. ಅದೇ ದೊಡ್ಡ ತಪ್ಪು.

ನಾಲ್ಕನೆಯದನ್ನು ಎಸೆಯಲಿಲ್ಲ. ಆದರೆ ಅದನ್ನು ನೋಡುವ ಮೊದಲು ಎಲ್ಲರೂ ಹೇಳಿದ ದಾರಿಯನ್ನೇ ಹಿಡಿದೆ: 'ಆಲ್ಟರ್ನೇಟರ್ ಜಾಸ್ತಿ ವೋಲ್ಟೇಜ್ ಕೊಡ್ತಿದೆ, ರೆಗ್ಯುಲೇಟರ್ ಬದಲಾಯಿಸಿ.' ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರ, ಅದರ ವೋಲ್ಟೇಜನ್ನು ಹದ್ದಿನಲ್ಲಿಡುವುದು ರೆಗ್ಯುಲೇಟರ್. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಇಂಥ ಫಿಲಮೆಂಟಿನ ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 5ರಷ್ಟು ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್. ಎಂಜಿನ್ ಚಾಲೂ ಮಾಡಿ, ಲೈಟು ಹಾಕಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿಸಿದಾಗ 14.2. 15ರ ಹತ್ತಿರ ಹೋಗಿದ್ದರೆ ರೆಗ್ಯುಲೇಟರನ್ನು ಹಿಡಿಯಬಹುದಿತ್ತು. 14.2 ಅಂದರೆ ಏನೂ ತಕರಾರಿಲ್ಲ. ಬ್ಯಾಟರಿ ಟರ್ಮಿನಲ್ಲುಗಳೂ ಬಿಗಿಯಾಗಿದ್ದವು. ಇನ್ನು ಬಲ್ಬಿನ ಹಿಂದೆ ವೈರು ಸಿಕ್ಕಿಸುವ ಕನೆಕ್ಟರಿನಲ್ಲಿ ಅಳೆದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ. ಆಗ ತಲೆಗೆ ಹೊಳೆಯಿತು: ವೋಲ್ಟೇಜ್ ಜಾಸ್ತಿಯಾಗಿದ್ದರೆ ಅದು ಎಡ-ಬಲ ನೋಡುತ್ತದೆಯೇ? ಎರಡೂ ಬಲ್ಬು ಹೋಗಬೇಕಿತ್ತಲ್ಲ!

ಸತ್ತ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದ್ದು ಆಗಲೇ. ನಮ್ಮದು ಎಚ್4 ಮಾದರಿ, ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟು: ದೂರಕ್ಕೆ ಬೀಳುವ 60 ವ್ಯಾಟಿನ ಹೈ ಬೀಮ್, ಹತ್ತಿರಕ್ಕೆ ಬೀಳುವ 55 ವ್ಯಾಟಿನ ಲೋ ಬೀಮ್. ಸತ್ತ ಬಲ್ಬು ಒಂದಿಷ್ಟು ಮಾತಾಡುತ್ತದೆ. ಗಾಜು ಒಳಗಡೆ ಕಪ್ಪಾಗಿದ್ದರೆ ಅದು ವಯಸ್ಸಾಗಿ ಇಲ್ಲವೇ ವೋಲ್ಟೇಜ್ ತಿಂದು ಸತ್ತದ್ದು. ಒಳಗೆ ಬಿಳಿ ಹೊಗೆ ಮೆತ್ತಿಕೊಂಡಂತಿದ್ದರೆ ಗಾಳಿ ಒಳಹೊಕ್ಕಿದೆ, ಅಂದರೆ ಗಾಜು ಬಿರುಕು ಬಿಟ್ಟಿದೆ ಅಥವಾ ಸೀಲ್ ಸೋತಿದೆ. ಗಾಜು ಒಂದು ಕಡೆ ಗುಳ್ಳೆಯಂತೆ ಉಬ್ಬಿದ್ದರೆ ಯಾರೋ ಬರಿಗೈಯಲ್ಲಿ ಮುಟ್ಟಿ ಬೆರಳಿನ ಜಿಡ್ಡು ಹತ್ತಿಸಿದ್ದಾರೆ. ನನ್ನ ಕೈಲಿದ್ದದ್ದರಲ್ಲಿ ಇದಾವುದೂ ಇಲ್ಲ. ಗಾಜು ಹೊಸದರಂತೆ ಸ್ವಚ್ಛ. ಲೋ ಬೀಮ್ ಫಿಲಮೆಂಟ್ ಮಾತ್ರ ಪಟ್ಟನೆ ಮುರಿದು, ಒಂದು ತುಂಡು ಒಳಗೆ ಗಲಗಲ ಅಲ್ಲಾಡುತ್ತಿತ್ತು. ಕರಗಿದ ಗುರುತಿಲ್ಲ. ಅದು ಸುಟ್ಟು ಹೋದದ್ದಲ್ಲ, ಅದುರಿ ಅದುರಿ ಮುರಿದದ್ದು.

ರಾತ್ರಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಐದನೇ ಬಲ್ಬು ಹಾಕಿ ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟೆ. ಗೋಡೆಯ ಮೇಲೆ ಬಲಗಡೆಯ ಬೆಳಕು ಕದಲದೆ ನಿಂತಿತ್ತು. ಎಡಗಡೆಯದು ಸಣ್ಣಗೆ ನಡುಗುತ್ತಿತ್ತು. ಬಾನೆಟ್ ಎತ್ತಿ ಎಡ ಡೂಮನ್ನು, ಅಂದರೆ ಬಲ್ಬು ಕೂರುವ ಹೆಡ್‌ಲೈಟಿನ ಇಡೀ ಗೂಡನ್ನು, ಕೈಯಲ್ಲಿ ತಳ್ಳಿದರೆ ಟಕ್ ಟಕ್ ಎಂದಿತು. ಅದನ್ನು ಹಿಡಿದಿಡುವ ಮೂರು ಪ್ಲಾಸ್ಟಿಕ್ ಕಿವಿಗಳಲ್ಲಿ ಒಂದು ಮುರಿದಿತ್ತು. ಹಿಂದೊಮ್ಮೆ ಪಾರ್ಕ್ ಮಾಡುವಾಗ ಕಂಬಕ್ಕೆ ಮೆಲ್ಲಗೆ ತಾಗಿಸಿದ್ದು, ಬಂಪರಿಗೆ ಗೀರು ಸಹ ಬೀಳಲಿಲ್ಲವೆಂದು ಬೀಗಿದ್ದು, ಎಲ್ಲ ನೆನಪಾಯಿತು.

ಮೊದಲು ಎಪಾಕ್ಸಿ ಅಂಟು ಹಾಕಿದೆ. ಮೂರು ವಾರಕ್ಕೆ ಬಿಟ್ಟುಕೊಂಡಿತು. ಆಮೇಲೆ ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ, ಎರಡು ತೂತು ಕೊರೆದು, ಮುರಿದ ಕಿವಿಯ ಬುಡಕ್ಕೂ ಬಾಡಿಗೂ ನಡುವೆ ಸೇತುವೆಯಂತೆ ಸ್ಕ್ರೂ ಬಿಗಿದೆ. ನೋಡಲು ಚೆಂದವಿಲ್ಲ. ಬಾನೆಟ್ ಮುಚ್ಚಿದ ಮೇಲೆ ಯಾರು ನೋಡಬೇಕು? ಡೂಮು ಜಾಗ ಬದಲಿಸಿರುತ್ತದಲ್ಲ, ಹಾಗಾಗಿ ಮತ್ತೆ ಗೋಡೆಗೆ ಬೆಳಕು ಬಿಟ್ಟು, ಬಲಗಡೆಯ ಎತ್ತರಕ್ಕೆ ಟೇಪ್ ಅಂಟಿಸಿ ಎಡದ ಅಡ್ಜಸ್ಟರ್ ತಿರುಗಿಸಿ ಸರಿ ಮಾಡಿದೆ.

ಕೈ ಹಾಕಿದ್ದಾಯಿತಲ್ಲ ಎಂದು ಕನೆಕ್ಟರನ್ನೂ ಕಳಚಿ ನೋಡಿದೆ. ಸುಮ್ಮನೆ ಬಿಟ್ಟಿದ್ದರೆ ಮುಂದಿನ ಸರದಿ ಅದರದೇ ಆಗುತ್ತಿತ್ತು. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಿ ಮೆತ್ತಗಾಗಿತ್ತು, ಪಿನ್ನನ್ನು ಕಚ್ಚಿಕೊಳ್ಳುವ ಒಳಗಿನ ಹಿಡಿ ಸಡಿಲ. ಅದುರಾಟದಲ್ಲಿ ಸವೆದು ಸಡಿಲವಾಗಿರಬೇಕು. ಸಡಿಲ ಕನೆಕ್ಷನ್ ಬಿಸಿಯಾಗುತ್ತದೆ, ಆ ಬಿಸಿ ಪಿನ್ನಿನ ಮೂಲಕ ಬಲ್ಬಿನ ಬುಡಕ್ಕೆ ಏರುತ್ತದೆ. ಅಲ್ಲಿ ಗಾಜಿನೊಳಗೆ ಹುದುಗಿದ ತೆಳ್ಳನೆಯ ಮಾಲಿಬ್ಡಿನಮ್ ಹಾಳೆ 350 ಡಿಗ್ರಿ ದಾಟಿದರೆ ಆಕ್ಸೈಡ್ ಆಗತೊಡಗಿ ಸೀಲನ್ನೇ ಒಡೆಯುತ್ತದೆ. ಮಲ್ಟಿಮೀಟರಿಗೆ ಇದು ಸಿಗಲಿಲ್ಲ, ಯಾಕೆಂದರೆ ನಾನು ವೈರಿನ ಕಡೆಯಿಂದ ಅಳೆದಿದ್ದೆ. ತೊಂದರೆ ಇದ್ದದ್ದು ಹಿಡಿ ಮತ್ತು ಪಿನ್ನಿನ ನಡುವೆ. ಹಳೆಯದನ್ನು ಕತ್ತರಿಸಿ ಸೆರಾಮಿಕ್ ಹೋಲ್ಡರನ್ನು ವೈರಿಗೆ ಕ್ರಿಂಪ್ ಮಾಡಿ (ಇಕ್ಕಳದಿಂದ ಅದುಮಿ ಬಿಗಿದು) ಹಾಕಿದೆ. ಹಿಂದಿನ ರಬ್ಬರ್ ಬೂಟನ್ನು ಸುತ್ತಲೂ ಒತ್ತಿ ಕೂರಿಸಿದೆ. ಅದು ಸರಿಯಾಗಿ ಕೂರದಿದ್ದರೆ ನೀರು ಒಳಹೋಗಿ, ಕಾದ ಗಾಜಿನ ಮೇಲೆ ಹನಿ ಬಿದ್ದರೆ ಬಿರುಕು ಬಿಡಬಹುದು.

'ಇಷ್ಟೆಲ್ಲ ಯಾಕೆ, ಎಲ್‌ಇಡಿ ಹಾಕ್ಸಿಬಿಡಿ' ಎಂದವರು ಕಡಿಮೆಯಿಲ್ಲ. ನನ್ನ ಡೂಮಿನ ರಿಫ್ಲೆಕ್ಟರ್ ಫಿಲಮೆಂಟ್ ಇರುವ ಜಾಗಕ್ಕೆ ತಕ್ಕಂತೆ ಮಾಡಿದ್ದು. ಅದರಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಚದುರಿ ಎದುರಿನಿಂದ ಬರುವವನ ಕಣ್ಣಿಗೆ ಹೊಡೆಯುತ್ತದೆ. ಅದೂ ಅಲ್ಲದೆ, ಅಲ್ಲಾಡುವ ಡೂಮಿನಲ್ಲಿ ಯಾವ ಬಲ್ಬು ಇಟ್ಟರೂ ಬೆಳಕು ಅಲ್ಲಾಡುವುದೇ.

ಇದಾಗಿ ಒಂದೂವರೆ ವರ್ಷ. ಹೋದ ತಿಂಗಳು ಮತ್ತೆ ಒಂದು ಬಲ್ಬು ಹೋಯಿತು, ಈ ಸಲ ಬಲಗಡೆಯದು. ತೆಗೆದು ನೋಡಿದರೆ ಗಾಜು ಕಪ್ಪಾಗಿತ್ತು. ಪಾಪ, ವಯಸ್ಸಾಗಿತ್ತು. ಗಾಜು ಮುಟ್ಟದೆ, ಬುಡ ಹಿಡಿದು ಹೊಸದು ಹಾಕಿದೆ. ಎಡಗಡೆ ಆ ಐದನೆಯದೇ ಇನ್ನೂ ಉರಿಯುತ್ತಿದೆ.